ಅಳತೆ ಇಂಧನಕ್ಕಿರಲಿ, ಗೆಲುವಿಗಲ್ಲ

ಫ್ರಾನ್ಸಿನ ಲೆ ಮಾನ್ ಪಟ್ಟಣದಂಚಿನ 13.626 ಕಿಲೋಮೀಟರ್ ಉದ್ದದ ಸರ್ಕ್ಯೂಟಿನಲ್ಲಿ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಅರವತ್ತಕ್ಕೂ ಹೆಚ್ಚು ಕಾರುಗಳು ಒಟ್ಟಿಗೆ ಹೊರಡುತ್ತವೆ. 24 ಗಂಟೆ ಓಡುತ್ತವೆ. ಆದರೆ ಅಲ್ಲಿ ನಡೆಯುವುದು ಒಂದು ಓಟವಲ್ಲ, ಮೂರು. ಹೈಪರ್‌ಕಾರ್, ಎಲ್‌ಎಂಪಿ2, ಎಲ್‌ಎಂಜಿಟಿ3 ಎಂಬ ಮೂರು ವರ್ಗಗಳು ಒಂದೇ ರಸ್ತೆಯನ್ನು ಹಂಚಿಕೊಂಡು ಮೂರು ಬೇರೆ ಬೇರೆ ಗೆಲುವುಗಳಿಗಾಗಿ ಸೆಣಸುತ್ತವೆ. ಫಾರ್ಮುಲಾ 1 ನೋಡಿ ರೂಢಿಯಾದವರಿಗೆ ಇದು ಮೊದಲಿಗೆ ಗೋಜಲು. ಮುಂದೆ ಹೋಗುತ್ತಿರುವ ಕಾರು ನಿಜಕ್ಕೂ ಮುಂದಿದೆಯೋ, ಹಿಂದಿಕ್ಕಿದ್ದು ಎದುರಾಳಿಯನ್ನೋ ಬೇರೆ ವರ್ಗದವನನ್ನೋ, ಯಾವುದೂ ತಿಳಿಯುವುದಿಲ್ಲ.

ಈ ಗೋಜಲನ್ನು ಬಿಡಿಸಿಕೊಂಡವರಿಗೆ ಎಂಡ್ಯುರೆನ್ಸ್ ರೇಸಿಂಗ್‌ನಷ್ಟು ಶ್ರೀಮಂತವಾದ ಮೋಟಾರು ಕ್ರೀಡೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಕಾರುಗಳನ್ನು ವರ್ಗಗಳಾಗಿ ವಿಂಗಡಿಸಿರುವುದು ಈ ಕ್ರೀಡೆಯ ಅತ್ಯುತ್ತಮ ಗುಣ. ಅದೇ ಹೊತ್ತಿಗೆ, ಅಗ್ರವರ್ಗದಲ್ಲಿ ಎಂಜಿನ್‌ಗಳನ್ನು ಸರಿದೂಗಿಸಲು ಇಂದು ಅನುಸರಿಸುತ್ತಿರುವ ಕ್ರಮ ಅದರ ಅತ್ಯಂತ ದುರ್ಬಲ ಭಾಗ.

ಮೊದಲು ವರ್ಗಗಳನ್ನು ನೋಡೋಣ. ಕಾರಿನ ಮೇಲಿನ ಸಂಖ್ಯಾಫಲಕದ ಬಣ್ಣವೇ ಗುರುತು: ಕೆಂಪು ಹೈಪರ್‌ಕಾರ್, ನೀಲಿ ಎಲ್‌ಎಂಪಿ2, ಕಿತ್ತಳೆ ಎಲ್‌ಎಂಜಿಟಿ3. ಅಗ್ರವರ್ಗವಾದ ಹೈಪರ್‌ಕಾರ್‌ಗೆ ಎರಡು ಬಾಗಿಲುಗಳಿವೆ. ಎಲ್‌ಎಂಎಚ್ ನಿಯಮದಡಿ ಕಂಪನಿ ತನ್ನದೇ ಷಾಸಿ, ತನ್ನದೇ ಎಂಜಿನ್ ಕಟ್ಟಬಹುದು. ಹೈಬ್ರಿಡ್ ಬೇಕೆಂದರೆ ಮುಂದಿನ ಚಕ್ರಗಳಿಗೆ ವಿದ್ಯುತ್ ಮೋಟಾರು ಜೋಡಿಸಬಹುದು, ಬೇಡವೆಂದರೆ ಬಿಡಬಹುದು. ಎಲ್‌ಎಂಡಿಎಚ್ ನಿಯಮ ಮಿತವ್ಯಯದ ದಾರಿ. ದಲ್ಲಾರಾ, ಲಿಜಿಯೆ, ಮಲ್ಟಿಮ್ಯಾಟಿಕ್, ಒರೆಕಾ ಎಂಬ ನಾಲ್ವರಲ್ಲಿ ಒಬ್ಬರಿಂದ ಷಾಸಿ ಕೊಳ್ಳಬೇಕು. ಹೈಬ್ರಿಡ್ ಭಾಗಗಳು ಎಲ್ಲರಿಗೂ ಒಂದೇ. ಎಂಜಿನ್ ಮತ್ತು ಹೊರಮೈ ಮಾತ್ರ ತಯಾರಕರದು. ಟೊಯೋಟಾ, ಫೆರಾರಿ, ಪ್ಯೂಜೋ ಮೊದಲ ಬಾಗಿಲಿನಿಂದ ಬಂದವು. ಪೋರ್ಷೆ, ಕ್ಯಾಡಿಲ್ಯಾಕ್, ಬಿಎಂಡಬ್ಲ್ಯೂ ಎರಡನೆಯದರಿಂದ. ಇದೇ ಕಾರುಗಳು ಅಮೆರಿಕದ ಡೇಟೋನಾ 24 ಗಂಟೆಯಲ್ಲೂ ಓಡಬಹುದೆಂಬುದು ಈ ವ್ಯವಸ್ಥೆಯ ದೊಡ್ಡ ಲಾಭ.

ಎಲ್‌ಎಂಪಿ2ನಲ್ಲಿ ಎಂಜಿನ್ ಚರ್ಚೆಯೇ ಇಲ್ಲ. 2017ರಿಂದ ಎಲ್ಲರಿಗೂ ಗಿಬ್ಸನ್ ಕಂಪನಿಯ 4.2 ಲೀಟರಿನ ಟರ್ಬೊರಹಿತ ವಿ8 ಒಂದೇ. ಹೆಚ್ಚುಕಡಿಮೆ ಎಲ್ಲರ ಷಾಸಿಯೂ ಒರೆಕಾ 07. ಹೀಗಾಗಿ ಚಾಲಕ ಮತ್ತು ತಂಡದ ಕೈಚಳಕವೇ ಗೆಲುವನ್ನು ತೀರ್ಮಾನಿಸುತ್ತದೆ. ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಲೆ ಮಾನ್ ಓಡಿದ್ದು ಈ ವರ್ಗದಲ್ಲೇ. 2023ರ ನಂತರ, ಲೆ ಮಾನ್ ಸೇರಿರುವ ಎಂಡ್ಯುರೆನ್ಸ್ ವಿಶ್ವ ಚಾಂಪಿಯನ್‌ಷಿಪ್‌ನ ಪೂರ್ಣ ಋತುವಿನಿಂದ ಇದನ್ನು ಕೈಬಿಟ್ಟರೂ ಲೆ ಮಾನ್‌ನಲ್ಲಿ ಉಳಿಸಿಕೊಂಡಿದ್ದಾರೆ. 2024ರಲ್ಲಿ ಬಂದ ಎಲ್‌ಎಂಜಿಟಿ3 ನಮಗೆ ರಸ್ತೆಯ ಮೇಲೆ ಕಾಣುವ ಸ್ಪೋರ್ಟ್ಸ್ ಕಾರುಗಳ ವರ್ಗ. ಪೋರ್ಷೆ 911, ಫೆರಾರಿ 296, ಕಾರ್ವೆಟ್, ಮಸ್ಟಾಂಗ್ ಎಲ್ಲವೂ ಇಲ್ಲಿವೆ. ಪ್ರತಿ ಕಾರಿನ ಚಾಲಕರಲ್ಲಿ ಕನಿಷ್ಠ ಒಬ್ಬರು ‘ಬ್ರಾಂಜ್’ ಶ್ರೇಣಿಯವರಾಗಿರಲೇಬೇಕು. ಬೇರೆ ವೃತ್ತಿಯಿಂದ ಬದುಕುತ್ತ, ರೇಸಿಂಗನ್ನು ಪ್ರೀತಿಯಿಂದ ಮಾಡುವವರೇ ಈ ಶ್ರೇಣಿಯಲ್ಲಿ ಹೆಚ್ಚು.

ಇಷ್ಟು ವರ್ಗಗಳು ಯಾಕೆ ಬೇಕು? ಪ್ರತ್ಯೇಕ ಓಟಗಳನ್ನೇ ಇಟ್ಟುಕೊಳ್ಳಬಹುದಲ್ಲ? ಉತ್ತರ ರಸ್ತೆಯ ಮೇಲೇ ಇದೆ. ಲೆ ಮಾನ್‌ನ ಒಂದು ಸುತ್ತಿಗೆ ಹೈಪರ್‌ಕಾರಿಗೂ ಎಲ್‌ಎಂಜಿಟಿ3 ಕಾರಿಗೂ ಸುಮಾರು ಅರ್ಧ ನಿಮಿಷದ ಅಂತರವಿದೆ. ಅಂದರೆ ವೇಗದ ಕಾರಿನ ಚಾಲಕ ಹಗಲು ರಾತ್ರಿ, ಮಳೆ ಬಿಸಿಲೆನ್ನದೆ ನಿಧಾನದ ಕಾರುಗಳ ನಡುವೆ ದಾರಿ ಹುಡುಕುತ್ತಲೇ ಇರಬೇಕು. ನಿಧಾನದ ಕಾರಿನವನು ತನ್ನ ವರ್ಗದ ಹೋರಾಟ ಬಿಡದೆ ಕನ್ನಡಿಯ ಮೇಲೂ ಕಣ್ಣಿಟ್ಟಿರಬೇಕು. 2011ರಲ್ಲಿ ಆಡಿಯ ಮೂರು ಕಾರುಗಳಲ್ಲಿ ಎರಡು, ಜಿಟಿ ವರ್ಗದ ಫೆರಾರಿಗಳನ್ನು ದಾಟುವಾಗ ನುಚ್ಚುನೂರಾದವು. ಚಾಲಕರು ಬದುಕಿ ಉಳಿದರು. ಉಳಿದ ಒಂದೇ ಆಡಿ ರಾತ್ರಿಯಿಡೀ ಪ್ಯೂಜೋ ದಂಡನ್ನು ಎದುರಿಸಿ 14 ಸೆಕೆಂಡಿಗೂ ಕಡಿಮೆ ಅಂತರದಿಂದ ಗೆದ್ದಿತು. ಶುದ್ಧ ವೇಗವೊಂದೇ ಸಾಲದು, ಪರರ ಜೊತೆ ರಸ್ತೆ ಹಂಚಿಕೊಳ್ಳುವ ವಿವೇಕವೂ ಬೇಕು ಎಂಬುದನ್ನು ಇಷ್ಟು ಕಟುವಾಗಿ ಪರೀಕ್ಷಿಸುವ ಇನ್ನೊಂದು ಓಟ ನನಗೆ ಗೊತ್ತಿಲ್ಲ. ವರ್ಗ ವ್ಯವಸ್ಥೆಯನ್ನು ತೆಗೆದರೆ ಲೆ ಮಾನ್ ಉದ್ದನೆಯ ಇನ್ನೊಂದು ರೇಸ್ ಆಗುತ್ತದೆ, ಅಷ್ಟೆ.

ಇನ್ನು ಎಂಜಿನ್‌ಗಳ ವಿಷಯ. ಹೈಪರ್‌ಕಾರ್ ವರ್ಗದ ವೈವಿಧ್ಯ ಮೇಲ್ನೋಟಕ್ಕೆ ಬೆರಗು ಹುಟ್ಟಿಸುತ್ತದೆ. ಪ್ಯೂಜೋ 9ಎಕ್ಸ್8ನಲ್ಲಿ ಅವಳಿ ಟರ್ಬೊಗಳ 2.6 ಲೀಟರ್ ವಿ6, ಫೆರಾರಿ 499ಪಿಯಲ್ಲಿ 3 ಲೀಟರ್ ವಿ6, 2025ರವರೆಗೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಓಡಿದ ಪೋರ್ಷೆ 963ರಲ್ಲಿ 4.6 ಲೀಟರ್ ಅವಳಿ ಟರ್ಬೊ ವಿ8, ಕ್ಯಾಡಿಲ್ಯಾಕ್‌ನಲ್ಲಿ ಟರ್ಬೊ ಇಲ್ಲದ 5.5 ಲೀಟರ್ ವಿ8. 2025ರಲ್ಲಿ ಬಂದ ಆಸ್ಟನ್ ಮಾರ್ಟಿನ್ ವಾಲ್ಕರೀಯಲ್ಲಿ ಹೈಬ್ರಿಡ್ ಇಲ್ಲದ 6.5 ಲೀಟರ್ ವಿ12. ಕಣ್ಣು ಮುಚ್ಚಿಕೊಂಡರೂ ಯಾವ ಕಾರು ಹೋಯಿತೆಂದು ಕಿವಿಯೇ ಹೇಳುತ್ತದೆ. ಎಂಜಿನ್‌ಗಳೆಲ್ಲ ಒಂದೇ ಅಚ್ಚಿನವಾಗಿರುವ ಫಾರ್ಮುಲಾ 1ರ ಪಕ್ಕದಲ್ಲಿ ಇದು ನಿಜಕ್ಕೂ ಹಬ್ಬ.

ಆದರೆ 2.6 ಲೀಟರಿನ ಎಂಜಿನ್ನೂ 6.5 ಲೀಟರಿನ ಎಂಜಿನ್ನೂ ಒಂದೇ ವರ್ಗದಲ್ಲಿ ಸರಿಸಮವಾಗಿ ಓಡುವುದು ಹೇಗೆ? ಚಕ್ರಗಳನ್ನು ತಿರುಗಿಸುವ ಅಚ್ಚುಗಳಲ್ಲೇ ಟಾರ್ಕ್ ಅಳೆಯುವ ಸೆನ್ಸರ್‌ಗಳನ್ನು ಕೂರಿಸಿರುತ್ತಾರೆ. ಒಳಗೆ ಯಾವ ಎಂಜಿನ್ನಿದ್ದರೂ ಚಕ್ರಕ್ಕೆ ತಲುಪುವ ಶಕ್ತಿ, ಹೈಬ್ರಿಡ್ ಕಾರಾದರೆ ವಿದ್ಯುತ್ತೂ ಸೇರಿ, ಸುಮಾರು 500 ಕಿಲೋವ್ಯಾಟ್ ಆಸುಪಾಸಿನಲ್ಲೇ ಇರಬೇಕು. ರಸ್ತೆಯ ಆವೃತ್ತಿಯಲ್ಲಿ ಸಾವಿರ ಅಶ್ವಶಕ್ತಿ ಕೊಡುವ ವಾಲ್ಕರೀ ಎಂಜಿನ್ನನ್ನು ಇಲ್ಲಿ ಏಳುನೂರಕ್ಕಿಂತ ಕೆಳಗೆ ಕಟ್ಟಿಹಾಕಬೇಕಾಯಿತು. ಕನಿಷ್ಠ ತೂಕ 1030 ಕಿಲೋ. ಇದರ ಮೇಲೆ ‘ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್’, ಅಂದರೆ ಬಿಒಪಿ. ಪ್ರತಿ ಕಾರಿಗೂ ಇಂತಿಷ್ಟು ತೂಕ, ಇಂತಿಷ್ಟು ಶಕ್ತಿ, ಒಂದು ಪಿಟ್ ನಿಲುಗಡೆಯಿಂದ ಮುಂದಿನದಕ್ಕೆ ಇಂತಿಷ್ಟೇ ಮೆಗಾಜೂಲ್ (ಬಳಸಬಹುದಾದ ಒಟ್ಟು ಶಕ್ತಿ) ಎಂದು ಆಡಳಿತವೇ ಬೇರೆ ಬೇರೆ ಅಂಕಿ ನಿಗದಿ ಮಾಡುತ್ತದೆ. ವೇಗದ ಕಾರನ್ನು ಹಿಂದೆಳೆದು, ನಿಧಾನದ್ದನ್ನು ಮುಂದೆ ತಳ್ಳುವುದು ಇದರ ಉದ್ದೇಶ.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡುವ ಎಂಜಿನ್ ಕಟ್ಟಿದವನಿಗೆ ಕಡಿಮೆ ಮೆಗಾಜೂಲ್ ಕೊಟ್ಟರೆ ಅವನು ಗಳಿಸಿದ್ದೇನು? ಹಗುರವಾಗಿ ಕಟ್ಟಿದವನ ಕಾರಿಗೆ ತೂಕ ಹೇರಿದರೆ ಆ ಜಾಣ್ಮೆಯ ಬೆಲೆಯೇನು? ಹೊರಗೆ ಕೇಳುವ ಸದ್ದಿನಲ್ಲಿ ವೈವಿಧ್ಯವಿದೆ, ಫಲಿತಾಂಶದಲ್ಲಿ ಆ ವೈವಿಧ್ಯಕ್ಕೆ ಪಾತ್ರವೇ ಇಲ್ಲದಂತೆ ನೋಡಿಕೊಳ್ಳಲಾಗುತ್ತಿದೆ.

2023ರ ಲೆ ಮಾನ್ ಇದಕ್ಕೆ ಸರಿಯಾದ ಉದಾಹರಣೆ. ಓಟದ ಶತಮಾನೋತ್ಸವದ ವರ್ಷ. ಐವತ್ತು ವರ್ಷಗಳ ಬಳಿಕ ಫೆರಾರಿ ಅಗ್ರವರ್ಗಕ್ಕೆ ಮರಳಿತ್ತು. ಋತುವಿನ ಮೊದಲ ಮೂರೂ ಓಟಗಳನ್ನು ಟೊಯೋಟಾ ಗೆದ್ದಿತ್ತು. ಲೆ ಮಾನ್ ಮುಗಿಯುವವರೆಗೆ ಕಂಪನಿ ಕಂಪನಿಗಳ ನಡುವಿನ ಲೆಕ್ಕ ಬದಲಾಗುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಆದರೆ ಓಟಕ್ಕೆ ಎರಡು ವಾರವೂ ಇಲ್ಲದಿರುವಾಗ ಹೊಸ ಪಟ್ಟಿ ಬಂತು: ಟೊಯೋಟಾಗೆ 37 ಕಿಲೋ, ಫೆರಾರಿಗೆ 24, ಕ್ಯಾಡಿಲ್ಯಾಕ್‌ಗೆ 11, ಪೋರ್ಷೆಗೆ 3 ಕಿಲೋ ಹೆಚ್ಚುವರಿ ತೂಕ. ಕೊನೆಗೆ ಟೊಯೋಟಾವನ್ನು 1 ನಿಮಿಷ 21 ಸೆಕೆಂಡುಗಳಿಂದ ಹಿಂದಿಕ್ಕಿ ಫೆರಾರಿ ಗೆದ್ದಿತು. ಫೆರಾರಿ ಅದ್ಭುತವಾಗಿ ಓಡಿತು, ಟೊಯೋಟಾ ಚಾಲಕ ಕೊನೆಯ ಹಂತದಲ್ಲಿ ಅರ್ನಾಜ್ ತಿರುವಿನ ಬಳಿ ಹಿಡಿತ ತಪ್ಪಿದ್ದೂ ನಿಜ. ಆದರೂ ಆ 13 ಕಿಲೋ ವ್ಯತ್ಯಾಸ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಯಾರೂ ಉತ್ತರಿಸಲಾರರು. ಬಿಒಪಿಯ ದೊಡ್ಡ ಅನ್ಯಾಯ ಇದು: ಸೋತವನಿಗೆ ಸಮಾಧಾನವಿಲ್ಲ, ಗೆದ್ದವನ ಗೆಲುವಿನ ಮೇಲೂ ಸಂಶಯದ ನೆರಳು. ಇದರ ಬಗ್ಗೆ ತಂಡಗಳು ಬಹಿರಂಗವಾಗಿ ಟೀಕೆ ಮಾಡಿ ಒತ್ತಡ ತರುವುದನ್ನೂ ನಿಯಮಾವಳಿಯೇ ನಿಷೇಧಿಸಿದೆ. ನ್ಯಾಯವಾದ ಲೆಕ್ಕ ಪ್ರಶ್ನೆಗೆ ಹೆದರಬೇಕಿಲ್ಲ.

ಬೇರೆ ದಾರಿ ಇತ್ತೆ? ಇತ್ತು, ಮತ್ತು ಅದನ್ನು ಕಂಡುಹಿಡಿದದ್ದು ಇದೇ ಕ್ರೀಡೆ. 1982ರಲ್ಲಿ ಆರಂಭವಾದ ಗ್ರೂಪ್ ಸಿ ನಿಯಮದ ತಿರುಳು ಸರಳ: 1000 ಕಿಲೋಮೀಟರಿಗೆ 600 ಲೀಟರ್ ಇಂಧನ, ಟ್ಯಾಂಕ್ 100 ಲೀಟರ್. ಎಂಜಿನ್ ಎಷ್ಟು ದೊಡ್ಡದು, ಟರ್ಬೊ ಇದೆಯೋ ಇಲ್ಲವೋ, ಅದು ನಿಮ್ಮಿಷ್ಟ. ಪೋರ್ಷೆ 956 ಮತ್ತು 962 ಕಾರುಗಳು ಟರ್ಬೊ ಜೋಡಿಸಿದ ಆರು ಸಿಲಿಂಡರಿನ ಎಂಜಿನ್ನಿನಿಂದ 1982ರಿಂದ 1987ರವರೆಗೆ ಲೆ ಮಾನ್ ಗೆದ್ದವು. 1988ರಲ್ಲಿ ಜಾಗ್ವಾರ್ ಟರ್ಬೊ ಇಲ್ಲದ 7 ಲೀಟರ್ ವಿ12ನಿಂದ ಆ ಗೆಲುವಿನ ಸರಣಿಯನ್ನು ಮುರಿಯಿತು. ಮರುವರ್ಷ ಸಾಬರ್-ಮರ್ಸಿಡಿಸ್‌ನ 5 ಲೀಟರ್ ಟರ್ಬೊ ವಿ8. 1991ರಲ್ಲಿ ಮಾಜ್ದಾ 787ಬಿ ನಾಲ್ಕು ರೋಟರುಗಳ ಎಂಜಿನ್ನಿನಿಂದ ಗೆದ್ದಿತು; ಪಿಸ್ಟನ್ ಇಲ್ಲದ ಎಂಜಿನ್ ಲೆ ಮಾನ್ ಗೆದ್ದದ್ದು ಅದೊಂದೇ ಸಲ. ಮಾಜ್ದಾಕ್ಕೆ 830 ಕಿಲೋ ಸಾಕಾಗಿತ್ತು, ಮರ್ಸಿಡಿಸ್ ಮತ್ತು ಜಾಗ್ವಾರ್ 1000 ಕಿಲೋ ಹೊತ್ತಿದ್ದವು ಎಂಬುದನ್ನು ಮರೆಯಬಾರದು. ಆದರೆ ಆ ಅಂಕಿ ಋತುವಿನ ನಿಯಮದಲ್ಲಿ ಮೊದಲೇ ಬರೆದಿತ್ತು. ಓಟ ಹತ್ತಿರ ಬಂದಾಗ ಬದಲಾದದ್ದಲ್ಲ. ಆಮೇಲೆ ಎಲ್ಲರಿಗೂ ಫಾರ್ಮುಲಾ 1 ಮಾದರಿಯ 3.5 ಲೀಟರ್ ಎಂಜಿನ್ ಕಡ್ಡಾಯ ಮಾಡಿದರು. ಖರ್ಚು ಏರಿತು, ತಂಡಗಳು ಚದುರಿದವು, 1992ಕ್ಕೆ ಆಗಿನ ವಿಶ್ವ ಚಾಂಪಿಯನ್‌ಷಿಪ್ಪೇ ಮುಗಿದುಹೋಯಿತು.

ಎರಡನೆಯ ಸಾಕ್ಷಿ 2014. ಆಗಿನ ಅಗ್ರವರ್ಗವಾದ ಎಲ್‌ಎಂಪಿ1ರಲ್ಲಿ ಒಂದು ಸುತ್ತಿಗೆ 2, 4, 6 ಅಥವಾ 8 ಮೆಗಾಜೂಲ್ ಹೈಬ್ರಿಡ್ ಶಕ್ತಿ ಆರಿಸಿಕೊಳ್ಳಬಹುದಿತ್ತು. ಹೆಚ್ಚು ವಿದ್ಯುತ್ ಬಳಸಿದರೆ ಕಡಿಮೆ ಇಂಧನ. ಪೋರ್ಷೆ 2 ಲೀಟರಿನ ವಿ4 ಟರ್ಬೊ ಮತ್ತು ಬ್ಯಾಟರಿ ತಂದಿತು. ಟೊಯೋಟಾ 3.7 ಲೀಟರಿನ ಟರ್ಬೊರಹಿತ ವಿ8 ಮತ್ತು ಸೂಪರ್ ಕೆಪಾಸಿಟರ್ ತಂದಿತು. ಆಡಿ 4 ಲೀಟರಿನ ಡೀಸೆಲ್ ವಿ6ಗೆ ತಿರುಗುಚಕ್ರದಲ್ಲಿ ಶಕ್ತಿ ಕೂಡಿಡುವ ಸಾಧನ ಜೋಡಿಸಿತು. ಮೂರೂ ಬೇರೆ ಬೇರೆ ತತ್ವಗಳು. ಆ ವರ್ಷ ಲೆ ಮಾನ್ ಆಡಿಗೆ, ವಿಶ್ವ ಪ್ರಶಸ್ತಿ ಟೊಯೋಟಾಗೆ, ಸಾವೊ ಪೌಲೊದ ಕೊನೆಯ ಓಟ ಪೋರ್ಷೆಗೆ. ಪ್ರತಿ ಕಾರಿನ ಮೇಲೆ ತೂಕ ಹೇರುವ ಪಟ್ಟಿ ಬೇಕಾಗಲಿಲ್ಲ. ಶಕ್ತಿಯ ಮೇಲಿನ ಮಿತಿಯೊಂದೇ ಮೂವರನ್ನೂ ಹತ್ತಿರ ತಂದಿತು.

ಬಿಒಪಿ ಪರವಾಗಿ ಇರುವ ವಾದವೂ ಗಟ್ಟಿಯೇ. ಎಲ್‌ಎಂಪಿ1 ಕಾರುಗಳ ಖರ್ಚು ಆಕಾಶ ಮುಟ್ಟಿತು. ಆಡಿ 2016ರ ಕೊನೆಗೆ, ಪೋರ್ಷೆ 2017ರ ಕೊನೆಗೆ ಹೊರನಡೆದವು. 2020ರ ಲೆ ಮಾನ್‌ನಲ್ಲಿ ಅಗ್ರವರ್ಗದಲ್ಲಿ ಉಳಿದದ್ದು ಐದೇ ಕಾರು. ಹೈಪರ್‌ಕಾರ್ ನಿಯಮ ಬಂದ ಮೇಲೆ 2024ರಲ್ಲಿ ಒಂಬತ್ತು ಕಂಪನಿಗಳ 23 ಕಾರುಗಳು ನಿಂತವು. 24 ಗಂಟೆಯ ಬಳಿಕ ಒಂಬತ್ತು ಕಾರುಗಳು ಗೆದ್ದವನ ಸುತ್ತಿನಲ್ಲೇ ಇದ್ದವು. ಹಿಂದೆಂದೂ ಹಾಗಾಗಿರಲಿಲ್ಲ. ಮುಂದಿನ ವರ್ಷ ತನ್ನ ಕಾರು ಹಿಂದೆ ಬೀಳುವುದಿಲ್ಲ ಎಂಬ ಭರವಸೆ ಇಲ್ಲದಿದ್ದರೆ ಇಷ್ಟು ಕಂಪನಿಗಳು ಹಣ ಹಾಕುತ್ತಿರಲಿಲ್ಲ. ಇದನ್ನು ಒಪ್ಪಲೇಬೇಕು. ಎಲ್‌ಎಂಜಿಟಿ3ರಲ್ಲಂತೂ ಬಿಒಪಿ ನ್ಯಾಯವೇ. ಹಿಂಬದಿಯಲ್ಲಿ ಎಂಜಿನ್ ಇರುವ 911, ಮುಂಬದಿಯಲ್ಲಿರುವ ಮಸ್ಟಾಂಗ್, ನಡುವಿನಲ್ಲಿರುವ ಫೆರಾರಿ ಮೂಲತಃ ರಸ್ತೆಗೆಂದು ಹುಟ್ಟಿದವು. ಅವನ್ನು ಸರಿದೂಗಿಸದಿದ್ದರೆ ಹವ್ಯಾಸಿ ಚಾಲಕರು ಒಂದೇ ಮಾದರಿಯ ಹಿಂದೆ ಬೀಳುತ್ತಾರೆ, ವರ್ಗ ಸಾಯುತ್ತದೆ.

ಹೈಪರ್‌ಕಾರ್‌ನ ಮಾತು ಬೇರೆ. ಅದು ಗೆಲ್ಲಲೆಂದೇ ಹೊಸದಾಗಿ ಕಟ್ಟಿದ ಯಂತ್ರ. ವಿದ್ಯುತ್ ಭಾಗಗಳ ಮಿತಿ, ವಾಯುಬಲದ ಚೌಕಟ್ಟು, ಒಮ್ಮೆ ಅನುಮೋದಿಸಿದ ವಿನ್ಯಾಸ ಬದಲಿಸದಂತಹ ಕಟ್ಟುಪಾಡುಗಳು ಇರಲಿ. ಖರ್ಚನ್ನು ತಡೆಯುತ್ತಿರುವುದು ಅವೇ. ಅವುಗಳೊಳಗೆ ಎಲ್ಲ ಕಾರಿಗೂ ಒಂದೇ ತೂಕ, ಒಂದೇ ಮೆಗಾಜೂಲ್ ಕೊಡಿ. ಋತು ಶುರುವಾಗುವ ಮೊದಲೇ ಅಂಕಿ ಪ್ರಕಟಿಸಿ, ಕೊನೆಯವರೆಗೂ ಮುಟ್ಟಬೇಡಿ. 2022ರಿಂದ ವೈನ್ ತಯಾರಿಕೆಯ ಉಳಿಕೆಯಿಂದ ಮಾಡಿದ ಇಂಧನದಲ್ಲಿ ಓಡುತ್ತಿರುವ ಈ ಓಟ, ಆ ಇಂಧನವನ್ನು ಚೆನ್ನಾಗಿ ಬಳಸಿದವನಿಗೆ ಬಹುಮಾನ ಕೊಡದೆ ದಂಡ ವಿಧಿಸುವುದು ತನ್ನ ಆದರ್ಶಕ್ಕೇ ವಿರುದ್ಧ.

ನನ್ನ ತೀರ್ಪು ಇಷ್ಟು: ವರ್ಗ ವ್ಯವಸ್ಥೆಗೆ ಪೂರ್ಣ ಮೆಚ್ಚುಗೆ, ಎಲ್‌ಎಂಜಿಟಿ3ರ ಬಿಒಪಿಗೆ ಒಪ್ಪಿಗೆ, ಹೈಪರ್‌ಕಾರ್‌ನ ಬಿಒಪಿಗೆ ವಿರೋಧ. ಜೂನ್‌ನಲ್ಲಿ ಲೆ ಮಾನ್ ನೋಡುವವರು ದಯವಿಟ್ಟು ಕೆಂಪು ಫಲಕದ ಕಾರುಗಳನ್ನಷ್ಟೇ ಹಿಂಬಾಲಿಸಬೇಡಿ. ಕಿತ್ತಳೆ ಫಲಕದ ಒಂದು ಕಾರನ್ನೂ ಆರಿಸಿಕೊಂಡು ಬೆಳಗಿನವರೆಗೆ ಅದರ ಜೊತೆಗಿರಿ. ಅಗ್ರವರ್ಗದ ತೂಕ ಮತ್ತು ಶಕ್ತಿಯ ಪಟ್ಟಿ ಸಿಕ್ಕರೆ ಓಟಕ್ಕೆ ಮೊದಲೇ ಓದಿಕೊಳ್ಳಿ. ಗೆದ್ದದ್ದು ಎಂಜಿನ್ನೋ ಅಂಕಿಯೋ ಎಂದು ಪ್ರಶ್ನಿಸುವ ಪ್ರೇಕ್ಷಕರು ಹೆಚ್ಚಿದಷ್ಟೂ ನಿಯಮ ಬರೆಯುವವರು ಉತ್ತರ ಕೊಡಲೇಬೇಕಾಗುತ್ತದೆ.