ಕುಡಿದ ಕೀಟೋನ್, ಕರಗದ ಕೊಬ್ಬು

ಕನಕಪುರ, ಮಾಗಡಿ ಕಡೆ ಸೀಮೆಹಸು ಸಾಕಿದವರಿಗೆ ಕೀಟೋಸಿಸ್ ಹೊಸ ಮಾತಲ್ಲ. ಕರು ಹಾಕಿದ ಕೆಲವು ವಾರಗಳಲ್ಲಿ, ಹಾಲು ಏರುವ ಹೊತ್ತಿಗೆ ಸರಿಯಾಗಿ ಹಸು ಹಿಂಡಿ ಮುಟ್ಟುವುದನ್ನು ಬಿಡುತ್ತದೆ. ಹಾಲು ಇಳಿಯುತ್ತದೆ, ಉಸಿರಿನಲ್ಲಿ ಒಂಥರಾ ಸಿಹಿ ವಾಸನೆ. ಪಶುವೈದ್ಯರು ಬಂದು ಗ್ಲೂಕೋಸ್ ಬಾಟಲಿ ಏರಿಸುತ್ತಾರೆ. ಕರೆಯುವ ಹಾಲಿಗೆ ತಕ್ಕಷ್ಟು ತಿನ್ನಲಾಗದ ಹಸು ತನ್ನ ಮೈಕೊಬ್ಬನ್ನೇ ಕರಗಿಸಿಕೊಂಡಿರುತ್ತದೆ. ಆ ಕೊಬ್ಬಿನಿಂದ ಲಿವರ್ ತಯಾರಿಸಿದ್ದೇ ಕೀಟೋನ್. ಕೊಬ್ಬು ಕರಗಿದ್ದರಿಂದ ಕೀಟೋನ್ ಬಂತೇ ಹೊರತು, ಕೀಟೋನ್ ಬಂದದ್ದರಿಂದ ಕೊಬ್ಬು ಕರಗಲಿಲ್ಲ.

ಇದು ಕೊಟ್ಟಿಗೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಜಿಮ್ಮಿನಲ್ಲಿ ಮಾತ್ರ ಮರೆತುಹೋಗುತ್ತದೆ. ಚನ್ನಪಟ್ಟಣದಲ್ಲಿ ನಮ್ಮ ತಮ್ಮನ ಮಗ ಬೆಳಿಗ್ಗೆ ಕೀಟೋನ್ ಪುಡಿ ಕಲಸಿ ಕುಡಿದು, ಮೂತ್ರ ಪರೀಕ್ಷೆಯ ಪಟ್ಟಿ ತಂದು ತೋರಿಸಿದ. ಅದರ ತುದಿ ತಿಳಿಗೆಂಪಾಗಿತ್ತು. "ಕೊಬ್ಬು ಕರಗ್ತಾ ಐತೆ ನೋಡಿ, ದೊಡ್ಡಪ್ಪ" ಅಂದ. ಕರಗುತ್ತಿರಲಿಲ್ಲ. ಪಟ್ಟಿಗೆ ಬಣ್ಣ ಕಟ್ಟಿದ್ದು ಅವನೇ ಅರ್ಧ ಗಂಟೆ ಮುಂಚೆ ಕುಡಿದದ್ದು.

ಕುಡಿದ ಕೀಟೋನ್ ಎಲ್ಲಿಗೆ ಹೋಗುತ್ತದೆ? ಎಸ್ಟರ್ ರೂಪದ್ದನ್ನು ಕರುಳಿನ ಮತ್ತು ಲಿವರಿನ ಕಿಣ್ವಗಳು ಸೀಳುತ್ತವೆ. ದೊಡ್ಡ ಪ್ರಮಾಣದಲ್ಲಿ ಕುಡಿದರೆ ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದ ಮಟ್ಟ ಲೀಟರಿಗೆ ಸುಮಾರು 3 ಮಿಲಿಮೋಲ್ ಮುಟ್ಟುತ್ತದೆ. ಲವಣದ ಪುಡಿಯಾದರೆ 1ರ ಹತ್ತಿರ ನಿಲ್ಲುತ್ತದೆ. ಊಟದ ಮೇಲೆ ಕುಡಿದರೆ ಇನ್ನೂ ಕಡಿಮೆ. ಮೂರು ನಾಲ್ಕು ಗಂಟೆಯಲ್ಲಿ ಬಹುಪಾಲು ಮಾಯ. ಮೂತ್ರದಲ್ಲಿ ಹೋಗುವುದು ನೂರರಲ್ಲಿ ಎರಡು ಪಾಲೂ ಇಲ್ಲ, ಉಸಿರಿನಲ್ಲಿ ಅಸಿಟೋನಾಗಿ ಒಂದಿಷ್ಟು. ಉಳಿದದ್ದನ್ನೆಲ್ಲ ಹೃದಯ, ಸ್ನಾಯು, ಮಿದುಳು, ಮೂತ್ರಪಿಂಡಗಳು ಉರಿಸಿ ಮುಗಿಸುತ್ತವೆ. ಕೀಟೋನ್ ತಯಾರಿಸುವ ಲಿವರಿಗೆ ಮಾತ್ರ ಅದನ್ನು ಉರಿಸುವ ಕಿಣ್ವವಿಲ್ಲ.

ಎಂದರೆ ಇದೂ ಒಂದು ಆಹಾರವೇ, ಗ್ರಾಂಗೆ ನಾಲ್ಕೂವರೆ ಕ್ಯಾಲೊರಿಗಿಂತ ಹೆಚ್ಚು. ಮುದ್ದೆಯನ್ನು ಬದಿಗಿಟ್ಟು ಕುಡಿದದ್ದೂ ಲೆಕ್ಕಕ್ಕೆ ಸೇರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ರಕ್ತದಲ್ಲಿ ಕೀಟೋನ್ ಏರಿದೊಡನೆ, ಇನ್ನು ಕೊಬ್ಬು ಬಿಡುವುದು ಸಾಕು ಎಂಬ ಸೂಚನೆ ಕೊಬ್ಬಿನ ಕೋಶಗಳಿಗೆ ಹೋಗುತ್ತದೆ. ರಕ್ತದಲ್ಲಿ ಕೊಬ್ಬಿನಾಮ್ಲ ಇಳಿಯುತ್ತದೆ. ಕೊಬ್ಬು ಕರಗುತ್ತದೆಂಬ ಪುಡಿ ಡಬ್ಬಿಯ ಮೇಲಿನ ಭರವಸೆಗೆ ಇದು ನೇರ ವಿರುದ್ಧ.

ಒಂದು ಮಾತು ಒಪ್ಪುತ್ತೇನೆ. ಎಸ್ಟರ್ ಕುಡಿದವರಿಗೆ ಕೆಲವು ಗಂಟೆ ಹಸಿವು ತಗ್ಗಿದ್ದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಹಸಿವು ತಗ್ಗಿ ಊಟ ಕಡಿಮೆಯಾದರೆ ತೂಕ ಇಳಿಸಿದ್ದು ಕಡಿಮೆಯಾದ ಊಟವೇ.

ಲವಣದ ಪುಡಿಯದು ಬೇರೆಯೇ ಗಂಡಾಂತರ. ಅದು ಪೂರ್ತಿ ಸೋಡಿಯಂ ಲವಣವಾಗಿದ್ದರೆ 10 ಗ್ರಾಂ ಕೀಟೋನ್ ಜೊತೆ 2 ಗ್ರಾಂಗೂ ಹೆಚ್ಚು ಸೋಡಿಯಂ ಹೊಟ್ಟೆಗಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹಾಕಿರುವ ಮಿತಿಯೇ 2 ಗ್ರಾಂ. ಬಿಪಿ ಮಾತ್ರೆ ನುಂಗುವವರು ಡಬ್ಬಿಯ ಹಿಂದಿನ ಸಣ್ಣಕ್ಷರ ಓದಲೇಬೇಕು.

ಇನ್ಸುಲಿನ್ ಚುಚ್ಚಿಕೊಳ್ಳುವವರ ಮೂತ್ರದಲ್ಲಿ ಕೀಟೋನ್ ಹೆಚ್ಚಾಗಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತ ಆಮ್ಲವಾಗಿ ಜೀವಕ್ಕೇ ಕುತ್ತು ಬರಬಹುದು. ಪುಡಿ ಕುಡಿದವರಲ್ಲಿ ಆ ಎಚ್ಚರಿಕೆ ಯಾವುದು, ಕುಡಿದದ್ದರ ಬಣ್ಣ ಯಾವುದು ಎಂದು ಗುರುತಿಸುವುದು ಕಷ್ಟ. ನಿಮ್ಮ ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರಿದ್ದರೆ, ದಯವಿಟ್ಟು, ವೈದ್ಯರನ್ನು ಕೇಳದೆ ಈ ಡಬ್ಬಿಯನ್ನು ಅವರ ಕೈಗೆ ಕೊಡಬೇಡಿ.