ನೀತಿಪತ್ರದಲ್ಲಿ ಹುಡುಕಬೇಕಾದ ಸಾಲು

ದೊಡ್ಡ ಕಂಪನಿಯೊಂದರ 'ಸಮಾನ ಅವಕಾಶ ನೀತಿ'ಯನ್ನು ನೀವು ಓದಿದ್ದೀರಾ? ಚಾಮರಾಜನಗರದ ಬಳಿಯ ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಹುಡುಕುವ ವಿಕಲಚೇತನರು ಓದಲೇಬೇಕು. 'ಎಲ್ಲರೂ ನಮಗೆ ಸಮಾನರು' ಎಂಬ ಮೊದಲ ವಾಕ್ಯವನ್ನು ದಾಟಿ ಮುಂದೆ ಹೋಗಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಗೆ 2017ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ, 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ವಿಕಲಚೇತನರಿಗೆ ತಕ್ಕ ಹುದ್ದೆಗಳ ಪಟ್ಟಿ ಇರಬೇಕು. ಪಟ್ಟಿಯಿಲ್ಲದ ನೀತಿ ಬರೀ ಶುಭಾಶಯ ಪತ್ರ.

ಪಟ್ಟಿ ಮಾಡುವುದು ಹೇಗೆ? ಹುದ್ದೆಯನ್ನು ಕ್ರಿಯೆಗಳಾಗಿ ಬಿಡಿಸಬೇಕು: ನಿಲ್ಲುವುದು, ಬಾಗುವುದು, ನೋಡುವುದು, ಕೇಳುವುದು. ಬಟ್ಟೆ ಹೊಲಿಯಲು ಕಿವಿ ಏಕೆ ಬೇಕು? ಅಪಾಯದ ಸೈರನ್ ಕೇಳಿಸಿಕೊಳ್ಳಲು ಎನ್ನುವಿರಾದರೆ, ಅದಕ್ಕೊಂದು ಮಿನುಗುವ ದೀಪ ಜೋಡಿಸಿದರಾಯಿತು. 'ಸದೃಢರಿಗೆ ಮಾತ್ರ' ಎಂಬ ಜಾಹೀರಾತು ಕೊಡುವವರು ಈ ಲೆಕ್ಕವನ್ನೇ ಮಾಡಿರುವುದಿಲ್ಲ.

ಕಾಯ್ದೆಯೂ ಸಡಿಲವೇ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲಾತಿ; ಖಾಸಗಿಯವರು ಶೇ. 5 ಮುಟ್ಟಲಿ ಎಂದು ಬರೀ ಪ್ರೋತ್ಸಾಹಕ, ಅದೂ ಸರ್ಕಾರದ ಆರ್ಥಿಕ ಶಕ್ತಿಗೆ ಒಳಪಟ್ಟು.

ಇನ್ನು ದಾರಿಯ ಮಾತು. ಚಾಮರಾಜನಗರಕ್ಕೆ ರೈಲಿದೆ, ಗುಂಡ್ಲುಪೇಟೆಗೆ ಇಲ್ಲ. ಅಲ್ಲಿಂದ ಗಾಲಿಕುರ್ಚಿಯಲ್ಲಿ ಬರುವವರು ಬಸ್ಸಿನ ಮೆಟ್ಟಿಲು ಹತ್ತಲಾರರು. ಕಾರ್ಖಾನೆಯ ಬಾಗಿಲಿಗೆ ಇಳಿಜಾರು ಕಟ್ಟಿದ ಕಂಪನಿ ಅವರನ್ನು ಕರೆತರುವ ವಾಹನದ ಬಗ್ಗೆ ಏನು ಬರೆದಿದೆ? ಆ ಸಾಲನ್ನೂ ಹುಡುಕಿ.