ಅಂಕಪಟ್ಟಿಯಿಂದ ಮೊದಲ ಸಂಬಳದವರೆಗೆ

ಕಾಸರಗೋಡಿನ ನಮ್ಮ ಕತೆಗಾರರ ಮೇಲೆ ನನ್ನದೊಂದು ತಕರಾರಿದೆ. ಅವರ ಕತೆಯ ಹುಡುಗ ಎಸ್ಸೆಸ್ಸೆಲ್ಸಿ ಪಾಸಾಗುತ್ತಾನೆ. ಮರುಪುಟದಲ್ಲಿ ದುಬೈಯಿಂದಲೋ ಮುಂಬಯಿಯಿಂದಲೋ ಪೆಟ್ಟಿಗೆ ಸಹಿತ ಊರಿಗೆ ಬಂದಿಳಿಯುತ್ತಾನೆ. ಶಾಲೆ ಬಿಟ್ಟ ದಿನಕ್ಕೂ ಮೊದಲ ಸಂಬಳಕ್ಕೂ ನಡುವಿನ ನಾಲ್ಕೈದು ವರ್ಷ ಎಲ್ಲಿ ಹೋದವು? ಗಡಿನಾಡಿನ ಮಕ್ಕಳ ಹಣೆಬರಹ ತೀರ್ಮಾನವಾಗುವುದು ಆ ವರ್ಷಗಳಲ್ಲೇ ಅಲ್ಲವೇ?

ಎರಡೂ ಭಾಷೆ ಓದಬಲ್ಲ ನಮಗೆ ಹೋಲಿಸಿ ನೋಡಲು ಎರಡು ದೊಡ್ಡ ಕಾದಂಬರಿಗಳಿವೆ. ಎಂ. ಟಿ. ವಾಸುದೇವನ್ ನಾಯರ್ ಅವರ ‘ನಾಲುಕೆಟ್ಟು’ (1958) ಕಾದಂಬರಿಯ ಅಪ್ಪುಣ್ಣಿ ಶಾಲೆ ಮುಗಿಸಿ ವಯನಾಡಿನ ತೋಟದಲ್ಲಿ ಕೆಲಸಕ್ಕೆ ಸೇರುತ್ತಾನೆ. ಅದಕ್ಕೆ ನೆರವಾಗುವವನು ಸೈದಾಲಿಕುಟ್ಟಿ. ತನ್ನ ತಂದೆಗೆ ವಿಷವಿಕ್ಕಿದವನೆಂದು ಅಪ್ಪುಣ್ಣಿ ಬಾಲ್ಯದಿಂದ ದ್ವೇಷಿಸುತ್ತ ಬಂದ ಮನುಷ್ಯ. ಮೊದಲ ಕೆಲಸ ಕೊಡಿಸುವವರನ್ನು ನಾವು ಆರಿಸಿಕೊಳ್ಳುವಂತಿಲ್ಲ ಎಂಬುದನ್ನು ಎಂ. ಟಿ. ಚೆನ್ನಾಗಿ ಬಲ್ಲರು. ಆದರೆ ತೋಟದ ವರ್ಷಗಳನ್ನು ಬೇಗನೆ ದಾಟಿಬಿಡುತ್ತಾರೆ. ಅಪ್ಪುಣ್ಣಿ ಬಂದು ತನ್ನನ್ನು ಹೊರದಬ್ಬಿದ ತರವಾಡು ಮನೆಯನ್ನೇ ಕೊಳ್ಳುತ್ತಾನೆ. ಅಷ್ಟು ಹಣ ಹೇಗೆ ಕೂಡಿತೆಂದು ಬ್ಯಾಂಕಿನ ಗುಮಾಸ್ತನಾದ ನನಗೆ ಅನುಮಾನ!

ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ರಾಮ ಮದರಾಸಿನಲ್ಲಿ ಓದಿದವನು, ಮುಂಬಯಿಯವರೆಗೂ ಕೆಲಸಕ್ಕಾಗಿ ಅಲೆದವನು. ಆ ಅಲೆದಾಟವನ್ನು ಕಾರಂತರು ಹಾರಿಸುವುದಿಲ್ಲ. ಓದಿದವನ ನಿರುದ್ಯೋಗ ಅಲ್ಲಿ ಬದುಕಿನ ಭಾಗವಾಗಿಯೇ ಬರುತ್ತದೆ. ಈ ವಿಷಯದಲ್ಲಿ ನನ್ನ ಮತ ಕಾರಂತರಿಗೆ. ಆದರೆ ರಾಮನಿಗೆ ಮರಳಲು ಮಣ್ಣಿತ್ತು. ನಮ್ಮ ಎಷ್ಟೋ ಮಕ್ಕಳಿಗೆ ಮನೆಯಡಿ ಐದು ಸೆಂಟ್ಸು ಬಿಟ್ಟರೆ ಬೇರೆ ಮಣ್ಣಿಲ್ಲ. ಹಾಗಿದ್ದೂ ಇವತ್ತಿನ ಕತೆಗಾರರು ಅವರನ್ನು ಅಡಿಕೆ ತೋಟಕ್ಕೇ ಮರಳಿಸುತ್ತಾರೆ.

ನಿಜದಲ್ಲಿ ಆಗುವುದೇನು? ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದು ಜಿಲ್ಲೆಯಲ್ಲಿ ಪ್ರತ್ಯೇಕವಾಗಿ ಕರೆಯುವ ಕ್ಲಾರ್ಕ್ ಹುದ್ದೆಗೆ ಪಿ.ಎಸ್.ಸಿ. ಪರೀಕ್ಷೆ ಬರೆಯುತ್ತಾನೆ. ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬರುತ್ತದೆ, ಮನೆಯಲ್ಲಿ ಪಾಯಸ. ಆ ಪಟ್ಟಿಯ ಆಯುಸ್ಸು ಸಾಮಾನ್ಯವಾಗಿ ಮೂರು ವರ್ಷ. ಅಷ್ಟರೊಳಗೆ ಅಡ್ವೈಸ್ ಮೆಮೊ ಬಾರದಿದ್ದರೆ ಮತ್ತೆ ಮೊದಲಿನಿಂದ ಬರೆಯಬೇಕು, ವಯಸ್ಸು ಮಾತ್ರ ಕಾಯುವುದಿಲ್ಲ. ಅಲ್ಲಿಯವರೆಗೆ ಸೀಸನ್ ಟಿಕೆಟಿನಲ್ಲಿ ಮಂಗಳೂರಿಗೆ ಹೋಗಿ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಾನೆ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿದಾಗ ಅಂಥವರ ಅನ್ನಕ್ಕೂ ಮಣ್ಣು ಬಿತ್ತು. ಆ ದಿನಗಳ ಬಗ್ಗೆ ನಾನು ಓದಿದ ಕನ್ನಡ ಕತೆಗಳಲ್ಲಿ ಆಸ್ಪತ್ರೆ ಸಿಗದ ರೋಗಿ ಇದ್ದಾನೆ, ಈ ಸೇಲ್ಸ್‌ಮ್ಯಾನ್ ಇಲ್ಲ. ಮೂರು ವರ್ಷದ ಗಡುವು, ಎರಡು ಭಾಷೆ, ನಡುವೆ ಒಂದು ಗಡಿ. ಕತೆಗೆ ಇನ್ನೇನು ಬೇಕು?

ಹುಡುಗಿಯರ ಮಟ್ಟಿಗಂತೂ ನಮ್ಮ ಕತೆಗಳು ಇನ್ನೂ ಜಿಪುಣ. ಶಾಲೆ ಬಿಟ್ಟು ಅಮ್ಮನ ಪಕ್ಕ ಬೀಡಿ ಕಟ್ಟಲು ಕೂತವಳನ್ನು ಕತೆಗಾರ ನಾಲ್ಕು ಸಾಲಿನಲ್ಲಿ ಮದುವೆ ಮಾಡಿ ಕಳುಹಿಸುತ್ತಾನೆ. ಬ್ರಾಂಚಿನವನು ಎಷ್ಟು ಬೀಡಿ ತಿರಸ್ಕರಿಸಿದ, ಉಳಿದ ಲೆಕ್ಕದಲ್ಲಿ ಬಂದ ಹಣ ಯಾರ ಕೈ ಸೇರಿತು, ಅವಳು ಟೈಪಿಂಗ್ ಕಲಿಯಬೇಕೆಂದು ಕೂಡಿಟ್ಟದ್ದು ಅಣ್ಣನ ವೀಸಾಕ್ಕೆ ಹೋಯಿತೇ? ಇವೆಲ್ಲ ನನ್ನ ಕೌಂಟರಿನ ಆಚೆ ಪಾಸ್‌ಬುಕ್ಕು ಹಿಡಿದು ನಿಂತವರ ಮುಖದಲ್ಲಿ ಕಾಣುತ್ತವೆ. ಕತೆಗಳಲ್ಲಿ ಇನ್ನೂ ಕಂಡಿಲ್ಲ.